ಕಪ್ಪು ಪರದೆಯ ಮೇಲೆ ಕೆಂಪಕ್ಷರ

ಮೊನ್ನೆ ಆದೋನಿಯ ಮಾರ್ಕೆಟ್ಟಿನ ಬಳಿ ಒಗ್ಗಾಣಿ ಮಾರುವ ಬಂಡಿಯ ಮುಂದೆ ನಿಂತಿದ್ದೆ. ಬಂಡಿಯವನು ಮಂಡಕ್ಕಿ ಚೀಲಕ್ಕೆ ಧೂಳು ಬೀಳದಿರಲೆಂದು ಬೂದು ಬಣ್ಣದ ರೆಕ್ಸಿನ್ ಹೊದಿಸಿದ್ದ. ಮಧ್ಯಾಹ್ನದ ಬಿಸಿಲಿಗೆ ಕಾದ ಆ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿರ್ಚಿ ಕರಿಯುವ ವಾಸನೆ ಎಲ್ಲೋ ಹಿಂದೆ ಸರಿದುಹೋಯಿತು. ಹತ್ತಿರ ಹೋಗಿ ನೋಡಿದೆ. ಚೌಕಾಕಾರದ ಹೊಲಿಗೆ, ಹಿಂಭಾಗದಲ್ಲಿ ವೈರು ಹೊರಬರಲು ಬಿಟ್ಟ ಸೀಳು. ಯಾವುದೋ ಹಳೆಯ ಕಂಪ್ಯೂಟರಿನ ಹೊದಿಕೆ ಅದು. ಎಲ್ಲಿ ಸಿಕ್ಕಿತಪ್ಪಾ ಎಂದು ಕೇಳಿದರೆ, ಗುಜರಿಯಲ್ಲಿ, ಎಂದ. ಒಗ್ಗಾಣಿ ಕಟ್ಟಿಸಿಕೊಂಡು ಮನೆಗೆ ಬಂದೆ. ತಿನ್ನಲು ಮನಸ್ಸಾಗಲಿಲ್ಲ...

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಊರಾಚೆಯ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದೆ. ಹೊಳಗುಂದದ ಕಡೆ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಆದೋನಿಗೆ ಬಂದು, ಟೈಪಿಂಗ್ ಕಲಿತು, ಮಕ್ಕಳನ್ನು ಅತ್ತೆಯ ಮಡಿಲಿಗೆ ಹಾಕಿ ಬೆಳಿಗ್ಗೆ ಮಿಲ್ಲಿಗೆ ಓಡುತ್ತಿದ್ದೆ. ಸುಸ್ತು ಅನ್ನುವುದು ನನಗೆ ಮುಪ್ಪಿನಲ್ಲಿ ಬಂದದ್ದಲ್ಲ, ಅದು ಆಗಿನಿಂದಲೇ ನನ್ನ ಜೊತೆಗಿದೆ. ಮಿಲ್ಲಿಗೆಲ್ಲ ಒಂದೇ ಒಂದು ಎ.ಸಿ. ರೂಮು. ಅದು ನಮಗಲ್ಲ, ಕಂಪ್ಯೂಟರಿಗೆ. ಮನುಷ್ಯರು ಬೆವರಿದರೆ ಏನೂ ಆಗುವುದಿಲ್ಲ, ಮಷೀನು ಬೆವರಿದರೆ ಸಾವ್ಕಾರ್ರ ಜೀವ ಹೋಗುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಎಷ್ಟು ಬಾಗಿಲು ಮುಚ್ಚಿದರೂ ಹತ್ತಿಯ ನವಿರು ಒಳಗೆ ಬಂದು ಕೂರುತ್ತಿತ್ತು. ಅದಕ್ಕೇ ಆ ರೆಕ್ಸಿನ್ ಹೊದಿಕೆ. ಬೆಳಿಗ್ಗೆ ಅದನ್ನು ತೆಗೆದು, ಕೊಡವಿ, ಮಡಿಚಿಡುವುದು ನನ್ನ ಮೊದಲ ಕೆಲಸ.

ಎರಡನೆಯ ಕೆಲಸ ಆಚಾರ್ರಿಗೆ ಕುರ್ಚಿ ಎಳೆದು ಕೊಡುವುದು. ಮಿಲ್ಲಿನಲ್ಲಿ ಎಲ್ಲರೂ ಅವರನ್ನು ಆಚಾರ್ರು ಎಂದೇ ಕರೆಯುತ್ತಿದ್ದರು. ಹಣೆಗೆ ಅಂಗಾರ ಅಕ್ಷತೆ, ಮೈಮೇಲೆ ಇಸ್ತ್ರಿ ಮಾಡಿದ ಟೆರಿಕಾಟ್ ಅಂಗಿ. ವೈಷ್ಣವರ ಮನೆತನ, ತಂದೆ ದೊಡ್ಡ ಪಂಡಿತರು. ಇವರು ಮಾತ್ರ ಗಣಿತ ಓದಿ, ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತು, ತಂದೆ ಹಾಸಿಗೆ ಹಿಡಿದಾಗ ಊರಿಗೆ ಮರಳಿದವರು. ಮದುವೆಯಾಗಿರಲಿಲ್ಲ. ತಂದೆ ತೀರಿಹೋದ ಮೇಲೆ ಮನೆಯಲ್ಲಿ ಇವರು, ವಿಧವೆಯಾದ ಅಕ್ಕ, ಅಷ್ಟೇ. ಮಿಲ್ಲಿಗೆ ಬರುವ ಹತ್ತಿಯ ತೂಕವೆಲ್ಲ ಕಂಪ್ಯೂಟರಿನಲ್ಲಿ ಇರುವಂತೆ ಅವರು ಪ್ರೋಗ್ರಾಂ ಬರೆದಿದ್ದರು. ಕಾಟಾದಲ್ಲಿ ಗಾಡಿ ತೂಗಿದ ಮೇಲೆ ಚೀಟಿ ನನ್ನ ಬಳಿ ಬರುತ್ತಿತ್ತು, ನಾನು ಅದರ ಅಂಕಿಗಳನ್ನು ಕಂಪ್ಯೂಟರಿಗೆ ಒತ್ತುತ್ತಿದ್ದೆ. ಪತ್ತಿಕೊಂಡದಿಂದ, ಪೆದ್ದಕಡುಬೂರಿನಿಂದ ಬಂದ ರೈತರು ಕಿಟಕಿಯ ಗಾಜಿಗೆ ಮುಖ ಒತ್ತಿ ನಮ್ಮಿಬ್ಬರನ್ನೂ ಮೃಗಾಲಯದ ಪ್ರಾಣಿಗಳನ್ನು ನೋಡಿದಂತೆ ನೋಡುತ್ತಿದ್ದರು.

ಆಚಾರ್ರ ಮನೆಯಲ್ಲಿ ತಂದೆ ತಮ್ಮ ಕೈಯಿಂದಲೇ ನಕಲು ಮಾಡಿದ ಪೋಥಿಗಳಿದ್ದವು. ಅವುಗಳ ವಿಷಯ ಬಂದರೆ ಅವರಿಗೆ ಊಟದ ಡಬ್ಬಿಯೂ ನೆನಪಾಗುತ್ತಿರಲಿಲ್ಲ. ಮೂಲಗ್ರಂಥದ ಮಾತು ಇಂಗಳೀಕದ ಕೆಂಪಿನಲ್ಲಿ, ಅದರ ಮೇಲಿನ ವ್ಯಾಖ್ಯಾನ ಕಪ್ಪು ಮಸಿಯಲ್ಲಿ. ಬರೆಯುವಾಗ ತಪ್ಪಾದರೆ ಕಾಟು ಹೊಡೆಯುತ್ತಿರಲಿಲ್ಲವಂತೆ, ಆ ಅಕ್ಷರದ ಮೇಲೆ ಹಳದಿ ಬಳಿದುಬಿಡುತ್ತಿದ್ದರಂತೆ. ಹಳದಿ ಕಂಡರೆ ಓದುವವನು ದಾಟಿ ಹೋಗಬೇಕು. ಹುಡುಗನಾಗಿದ್ದಾಗ ಇವರು ಅಪ್ಪನ ಪಕ್ಕ ಕೂತು ಕೆಂಪಿನಿಂದ ಕಪ್ಪಿಗೆ, ಕಪ್ಪಿನಿಂದ ಕೆಂಪಿಗೆ ಬೆರಳಾಡಿಸುತ್ತ ಓದಲು ಕಲಿತವರು. ಹಾಗೆ ಕಲಿತ ಕಣ್ಣಿಗೆ ಎಲ್ಲವೂ ಒಂದೇ ಬಣ್ಣದಲ್ಲಿರುವ ಬರಹ ಬರಹವೇ ಅಲ್ಲ.

ನಮ್ಮ ಮೊದಲ ಕಂಪ್ಯೂಟರಿನ ಪರದೆ ಕಪ್ಪು, ಅಕ್ಷರ ಹಸಿರು. ಮೇಲಿಂದ ಕೆಳಗಿನವರೆಗೂ ಒಂದೇ ಹಸಿರು. ಆಚಾರ್ರಿಗೆ ಅದು ಸೇರುತ್ತಿರಲಿಲ್ಲ. ಆಜ್ಞೆಯ ಮಾತು ಯಾವುದು, ನಾವಿಟ್ಟ ಹೆಸರು ಯಾವುದು, ಟಿಪ್ಪಣಿ ಯಾವುದು ಒಂದೂ ತಿಳಿಯುವುದಿಲ್ಲ, ಕುರಿಹಿಂಡಿನಂತೆ ಎಲ್ಲ ಒಂದೇ ಎಂದು ಗೊಣಗುತ್ತಿದ್ದರು. ನಮ್ಮ ಮನೆಯ ಕುರಿಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ ಎಂದು ನಾನು ಹೇಳಿದರೆ ನಗುತ್ತಿದ್ದರು. ಪ್ರೋಗ್ರಾಂ ಬರೆಯಲು ಬಳಸುವ ಎಡಿಟರಿಗೆ ತನ್ನದೇ ಒಂದು ಪುಟ್ಟ ಭಾಷೆ ಇರುವುದು ಅವರಿಗೆ ಗೊತ್ತಾಯಿತು. ಆ ಭಾಷೆಯಲ್ಲಿ ಬರೆದು ಕೊಟ್ಟರೆ ಎಡಿಟರು ನಾವು ಹೇಳಿದ ಹಾಗೆ ಕೇಳುತ್ತದೆ. ಮ್ಯಾಕ್ರೋ ಎನ್ನುತ್ತಿದ್ದರು ಅದಕ್ಕೆ. ಆಚಾರ್ರು ಆಜ್ಞೆಯ ಪದಗಳನ್ನೆಲ್ಲ ಎಡಿಟರಿಗೆ ಕಲಿಸಿದರು. ಅವು ಕಂಡಲ್ಲಿ ಹೊಳಪಾಗಿ ತೋರಿಸು, ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿಯ ಸಾಲು ಮಂಕಾಗಿ ತೋರಿಸು, ಉಳಿದದ್ದು ಇದ್ದ ಹಾಗೇ ಇರಲಿ.

ಒಂದು ತೊಡಕು ಬಂತು. ರೈತರ ಚೀಟಿಯ ಮೇಲೆ ಅಚ್ಚಾಗಬೇಕಾದ ಮಾತು ಪ್ರೋಗ್ರಾಮಿನಲ್ಲಿ ಉದ್ಧರಣ ಚಿಹ್ನೆಯ ಒಳಗಿರುತ್ತಿತ್ತು. ಅದರಲ್ಲೂ ಆಜ್ಞೆಯ ಪದ ಬಂದರೆ ಎಡಿಟರು ಅದನ್ನೂ ಹೊಳೆಸಿಬಿಡುತ್ತಿತ್ತು. ಹೊಳೆದರೆ ಹೊಳೆಯಲಿ ಬಿಡ್ರಿ, ಯಾರಿಗೇನು ನಷ್ಟ ಅಂದೆ. ಅವರು ಒಪ್ಪಲಿಲ್ಲ. "ಚಿಹ್ನೆದ ಒಳಗ ಇರೋದು ಮಂದಿ ಮಾತು ತಂಗಿ, ಅದಕ್ಕ ನಾವು ಬಣ್ಣ ಹಚ್ಚಬಾರ್ದು" ಎಂದು ಮತ್ತೆ ಕೂತು, ಚಿಹ್ನೆ ತೆರೆದದ್ದೆಲ್ಲಿ, ಮುಚ್ಚಿದ್ದೆಲ್ಲಿ ಎಂದು ಮೊದಲು ನೋಡಿಕೊಂಡು ಆಮೇಲೆ ಪದ ಹುಡುಕುವಂತೆ ಎಲ್ಲವನ್ನೂ ತಿರುಗಿ ಬರೆದರು. ಅಂಥ ಮನುಷ್ಯ. ತನ್ನ ಕಣ್ಣಿಗೆ ಮಾತ್ರ ಕಾಣುವ ತಪ್ಪಿಗೂ ನಿದ್ದೆ ಕೆಡಿಸಿಕೊಳ್ಳುವವರು.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಹೊಳಪು ಕೆಂಪಲ್ಲವಲ್ಲ. ಬಣ್ಣದ ಮಾನಿಟರ್ ಬೇಕೆಂದು ಸಾವ್ಕಾರ್ರ ಬೆನ್ನು ಹತ್ತಿದರು. ಸಾವ್ಕಾರ್ರು ಕೆಟ್ಟವರಲ್ಲ, ಆದರೆ ಹತ್ತಿ ಬೆಳ್ಳಗಿದ್ದರೆ ಸಾಕು, ಕಂಪ್ಯೂಟರಿಗೆ ಯಾಕೆ ಬಣ್ಣ ಎಂಬ ಜಾತಿ. ಆಚಾರ್ರು ದಿನಾ ಕೇಳಿದರು. ಕೊನೆಗೆ ಇವರ ಕಾಟ ತಾಳಲಾರದೆ ತರಿಸಿಕೊಟ್ಟರು. ಡಬ್ಬಿ ಬಿಚ್ಚಿದ ದಿನ ಆಚಾರ್ರು ಮಡಿಯಲ್ಲಿರುವವರ ಹಾಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಮ್ಯಾಕ್ರೋ ತಿದ್ದಿದರು. ಆಜ್ಞೆಯ ಪದಕ್ಕೆ ಕೆಂಪು, ಉಳಿದದ್ದಕ್ಕೆ ಬಿಳಿ, ಟಿಪ್ಪಣಿಗೆ ಬೂದು. ಮಷೀನು ನಿಧಾನದ್ದು. ಪುಟ ತೆರೆದರೆ ಮೊದಲು ಎಲ್ಲ ಬಿಳಿ, ಆಮೇಲೆ ಮೇಲಿನಿಂದ ಒಂದೊಂದೇ ಸಾಲಿಗೆ ಬಣ್ಣ ಬರುತ್ತ ಕೆಳಗಿಳಿಯುತ್ತಿತ್ತು. ಅದು ಮುಗಿಯುವವರೆಗೂ ಆಚಾರ್ರು ಕೀಲಿಮಣೆ ಮುಟ್ಟದೆ ಕೈ ಕಟ್ಟಿ ಕಾಯುತ್ತಿದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆ ಯಾವಾಗಲೂ ನೋಡಲಿಲ್ಲ. ನಮ್ಮಪ್ಪ ಇದನ್ನ ನೋಡಬೇಕಿತ್ತು, ಅಂದರು.

ಅವರ ಕಣ್ಣಿನ ವಿಷಯ ನನಗೆ ಆಗಲೇ ಹೊಳೆಯಬೇಕಿತ್ತು ಎಂದು ಹಲವರು ಅಂದಿದ್ದಾರೆ. ಹೊಳೆಯಲಿಲ್ಲ. ಸಂಜೆ ಮಿಲ್ಲಿನ ಅಂಗಳ ದಾಟುವಾಗ ಗೋಡೆ ಹಿಡಿದು ಹೋಗುತ್ತಿದ್ದರು. ಮೊಣಕಾಲು ನೋವು ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತು ಲೋಟ ಚಾಚಿದರೆ ಕಾಣುತ್ತಿರಲಿಲ್ಲ, ಮುಂದೆ ಹಿಡಿದರೆ ಮಾತ್ರ ತೆಗೆದುಕೊಳ್ಳುತ್ತಿದ್ದರು, ಧ್ಯಾನದಲ್ಲಿದ್ದಾರೆ ಎಂದುಕೊಳ್ಳುತ್ತಿದ್ದೆವು. ಕನ್ನಡಕಕ್ಕೆ ಹತ್ತಿ ನವಿರು ಮುತ್ತಿಕೊಂಡಿದೆ ಎಂದು ಘಳಿಗೆಗೊಮ್ಮೆ ಒರೆಸುತ್ತಿದ್ದರು. ಕರ್ನೂಲಿನ ಡಾಕ್ಟರು ಕಣ್ಣಿನ ಒಳಪೊರೆ ಒಣಗುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದು ಹೇಳಿ ಆಗಲೇ ಬಹಳ ದಿನವಾಗಿತ್ತು. ಅದು ಅವರಿಗೂ ಅವರ ಅಕ್ಕನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಯಾರು ಇಟ್ಟುಕೊಳ್ಳುತ್ತಾರೆ? ಓದುವುದೊಂದನ್ನು ಬಿಟ್ಟು ಅವರಿಗೆ ಬೇರೆ ಯಾವ ಸುಖವೂ ಇರಲಿಲ್ಲ, ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

ಹತ್ತಿಯ ಸುಗ್ಗಿ ಜೋರಾಗಿದ್ದಾಗ ಅದು ನಡೆಯಿತು. ಆಚಾರ್ರು ಪ್ರೋಗ್ರಾಮಿನಲ್ಲಿ ಏನೋ ತಿದ್ದಿ, ಈಗ ಓಡಿಸು ಎಂದರು. ಓಡಿಸಿದೆ. ಹಿಂದಿನ ತೂಕ ನೋಡೋಣವೆಂದರೆ ಒಂದೂ ಇಲ್ಲ. ಹಂಗಾಮಿನ ಅಷ್ಟೂ ತೂಕ ಅಳಿಸಿಹೋಗಿತ್ತು. ಫ್ಲಾಪಿಯಲ್ಲಿದ್ದ ನಕಲು ಹಳೆಯದು. ಹೊರಗೆ ರೈತರ ಗಾಡಿಗಳು ಗೇಟಿನಿಂದ ರಸ್ತೆಯವರೆಗೂ ನಿಂತಿದ್ದವು. ಕಾಟಾ ಚೀಟಿಗಳ ಮೂಟೆ ತಂದು ಎಲ್ಲವನ್ನೂ ಮತ್ತೆ ಒತ್ತಬೇಕಾಯಿತು. ನನ್ನ ಬೆರಳುಗಳ ತುದಿ ಜುಮ್ಮೆನ್ನುತ್ತಿತ್ತು. ಮಷೀನಿನ ತಪ್ಪು ಎಂದು ಆಚಾರ್ರು ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕಾಟಾದವರು ಅವರಿಗೆ ಕೇಳಿಸುವ ಹಾಗೆಯೇ ಅಂದರು. ನನಗೂ ಆಚಾರ್ರ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಪರದೆಯ ಮುಂದೆ ಕೂತೆವು. ಆಚಾರ್ರು ಪ್ರೋಗ್ರಾಮನ್ನು ಮೇಲಿನಿಂದ ಓದುತ್ತ ಬಂದರು, ತಪ್ಪೇನೂ ಇಲ್ಲ ಎಂದರು. ನಾನು ಪ್ರೋಗ್ರಾಂ ಕಲಿತವಳಲ್ಲ. ಆದರೆ ನನಗೆ ಅಕ್ಷರ ಕಾಣುತ್ತಿತ್ತು. ನಡುವಿನ ಒಂದು ಸಾಲಿನಲ್ಲಿ ಒಂದೇ ಒಂದು ಕೆಂಪು ಪದ ಕುಂಕುಮದ ಬೊಟ್ಟಿನ ಹಾಗೆ ಕೂತಿತ್ತು. ಜ್ಯಾಪ್ ಅನ್ನುವ ಆಜ್ಞೆ. ಇರುವುದನ್ನೆಲ್ಲ ಒರೆಸಿ ಹಾಕು ಎಂದು ಅದರ ಅರ್ಥ. ಸುಳ್ಳು ತೂಕಗಳನ್ನಿಟ್ಟು ಪರೀಕ್ಷೆ ಮಾಡುವಾಗ ಅವರೇ ಅದನ್ನು ಬರೆದುಕೊಳ್ಳುತ್ತಿದ್ದರು, ಆಮೇಲೆ ತೆಗೆಯುತ್ತಿದ್ದರು. ಈ ಸಲ ತೆಗೆದಿರಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟೆ.

"ಆಚಾರ್ರೇ, ಇಲ್ಲೇನೈತ್ರಿ?"

ಅವರು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಬಹಳ ಹೊತ್ತು ನೋಡಿದರು.

"ಏನೂ ಇಲ್ಲಲ್ಲ ತಂಗಿ. ಖಾಲಿ ಅದ."

ನಾನು ಬೆರಳು ತೆಗೆಯಲಿಲ್ಲ. ಅದೇ ಅವರಿಗೆ ಎಲ್ಲವನ್ನೂ ಹೇಳಿತು ಅನ್ನಿಸುತ್ತದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ಒರೆಸಲಿಲ್ಲ. ಬೆಳ್ಳಗಿನ ಕಾಗದದ ಮೇಲೆ ಎದ್ದು ಕಾಣುವ ಕೆಂಪು ಕರೀ ಪರದೆಯ ಮೇಲೆ ಮುಳುಗಿ ಹೋಗುತ್ತದೆ, ಅದರಲ್ಲೂ ಅವರಂಥ ಕಣ್ಣಿಗೆ. ಬಿಳಿ ಪದ ಕಾಣುತ್ತಿತ್ತು, ಬೂದು ಕೂಡ ಒಂದಿಷ್ಟು ಕಾಣುತ್ತಿತ್ತು. ಯಾವ ಪದ ಎಲ್ಲಕ್ಕಿಂತ ಮುಖ್ಯವೆಂದು ಅಪ್ಪನ ಬಣ್ಣ ಹಚ್ಚಿದ್ದರೋ ಅದೇ ಕಾಣುತ್ತಿರಲಿಲ್ಲ. ಕೆಲವು ತಿಂಗಳಿಂದ ಕೆಂಪು ಪದಗಳನ್ನು ಅವರು ನೋಡಿ ಓದುತ್ತಿರಲಿಲ್ಲ, ಇಲ್ಲಿ ಇದೇ ಇರಬೇಕು ಎಂಬ ನೆನಪಿನಿಂದ ಓದುತ್ತಿದ್ದರು. ಬೇರೆ ಬಣ್ಣ ಹಾಕಿಕೊಳ್ಳುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ? ಮ್ಯಾಕ್ರೋದಲ್ಲಿ ಒಂದು ಅಂಕಿ ಬದಲಾಯಿಸಿದರೆ ಆಯಿತು. ಆದರೆ ಮೂಲ ಕೆಂಪೇ ಇರಬೇಕು. ಆ ಮನೆಯಲ್ಲಿ ಹುಟ್ಟಿದವರು ಬಿಟ್ಟರೆ ಇಂಥ ತಪ್ಪನ್ನು ಇನ್ಯಾರೂ ಮಾಡಲಾರರು.

ಯಾವ ಬಣ್ಣ ಚೆನ್ನಾಗಿ ಕಾಣುತ್ತದೆ ಎಂದು ಒಂದೊಂದನ್ನೇ ಹಾಕಿ ನೋಡಿದೆವು. ನೀಲಿ ಇಲ್ಲ. ಹಸಿರು ಬಿಳಿಯ ಜೊತೆ ಕಲೆತುಹೋಗುತ್ತಿತ್ತು. ಹಳದಿ ಹಾಕಿದಾಗ ಅವರ ಮುಖ ತಟ್ಟನೆ ಮೇಲೆದ್ದಿತು. ಕಾಣುತ್ತಿತ್ತು, ಪ್ರತಿಯೊಂದೂ ಕಾಣುತ್ತಿತ್ತು. ಆದರೂ ಪರದೆಯಿಂದ ಹಿಂದೆ ಸರಿದು ಕೂತರು. ಅವರ ತಂದೆ ಹಳದಿ ಬಳಿಯುತ್ತಿದ್ದದ್ದು ತಪ್ಪಿಗೆ, ಓದಬಾರದ್ದಕ್ಕೆ. ಆಜ್ಞೆಯ ಪದಗಳಿಗೆಲ್ಲ ಅದನ್ನು ಬಳಿಯುವುದೆಂದರೆ ಅವರ ಪಾಲಿಗೆ ಇಡೀ ಪುಟವನ್ನೇ ಹೊಡೆದು ಹಾಕಿದಂತೆ. ಬೇಡವಾದರೆ ಬಿಡೋಣ್ರಿ, ಅಂದೆ.

"ಇರ್ಲಿ ಬಿಡು ತಂಗಿ, ಹಳದೀನ ಹಚ್ಚು. ಓದ್ಲಿಕ್ಕೆ ಬಂದ್ರ ಸಾಕಾಗ್ಯದ."

ಅಂಕಿ ಬದಲಿಸಿ ಪುಟ ತೆರೆದೆ. ಮೇಲಿನಿಂದ ಹಳದಿ ಇಳಿಯುತ್ತ ಬಂತು. ಆಚಾರ್ರು ಪ್ರವಚನದ ದನಿಯಲ್ಲಿ ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದರು. ಜ್ಯಾಪ್ ಬಂದಾಗ ನಿಂತರು, ಅದನ್ನು ತಾವೇ ತೆಗೆದರು. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ನನ್ನ ಹಿಂದಿನ ದಿನದ ಸಿಟ್ಟು ಎಲ್ಲಿ ಹೋಯಿತೋ.

ಆ ಸಂಜೆ ಅವರೇ ಸಾವ್ಕಾರ್ರ ಬಳಿಗೆ ಹೋದರು. ತಪ್ಪು ಮಷೀನಿನದಲ್ಲ, ನನ್ನದು ಎಂದರಂತೆ. ಕಣ್ಣಿನ ವಿಷಯವನ್ನೂ ಹೇಳಿದರಂತೆ. ಸಾವ್ಕಾರ್ರು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಬೈದು, ಆಮೇಲೆ ಚಹಾ ತರಿಸಿ ಕುಡಿಸಿ, ಸುಗ್ಗಿ ಮುಗಿಯುವವರೆಗೆ ಇರಿ ಅಂದರು. ಪ್ರೋಗ್ರಾಮೆಲ್ಲ ಇವರ ತಲೆಯಲ್ಲಿದೆ, ಕಣ್ಣಿನ ಕೆಲಸ ನೀನು ಮಾಡು ಎಂದು ನನಗೆ ಹೇಳಿದರು. ಅಲ್ಲಿಂದ ಕೆಲವು ತಿಂಗಳು ಹಳದಿ ಅವರನ್ನು ನಡೆಸಿತು. ಆಮೇಲೆ ಹಳದಿಯೂ ಮಸುಕಾಯಿತು. ನಾನೇ ಓದಿ ಹೇಳತೊಡಗಿದೆ. ಆಜ್ಞೆಯ ಪದಗಳನ್ನು ಗಟ್ಟಿಯಾಗಿ, ಟಿಪ್ಪಣಿಗಳನ್ನು ಪಿಸುಮಾತಿನಲ್ಲಿ. ಹಾಗೆ ಓದೆಂದು ಅವರೇ ಕಲಿಸಿದರು. ಕಿಟಕಿಯಾಚೆ ನಿಂತ ರೈತರು ಇವಳಿಗೆ ಮೈಮೇಲೆ ಬಂದಿದೆ ಅಂದುಕೊಂಡಿರಬೇಕು.

ಸುಗ್ಗಿ ಮುಗಿದ ಮೇಲೆ ಆಚಾರ್ರು ಬರಲಿಲ್ಲ. ಅವರ ಜಾಗಕ್ಕೆ ಹೊರಗಿನಿಂದ ಒಬ್ಬರು ಬಂದರು, ಚುರುಕಾದ ಮನುಷ್ಯ. ಬಣ್ಣ ಇಳಿಯುವುದನ್ನು ಕಾಯುವ ತಾಳ್ಮೆ ಅವರಿಗಿರಲಿಲ್ಲ. ಎರಡೇ ದಿನಕ್ಕೆ ಮ್ಯಾಕ್ರೋ ತೆಗೆದು ಹಾಕಿದರು. ಅವರದೇನೂ ತಪ್ಪಿಲ್ಲ. ಕಣ್ಣಿದ್ದವರಿಗೆ ಅದರ ಅಗತ್ಯವಿರಲಿಲ್ಲ.

ಮಳೆಗಾಲದ ಹೊತ್ತಿಗೆ ಒಂದು ಭಾನುವಾರ ಆಚಾರ್ರ ಮನೆಗೆ ಹೋದೆ. ಅಲ್ಲಿಯವರೆಗೆ ನಾನು ಆ ಮನೆಯ ಕಟ್ಟೆ ದಾಟಿದವಳಲ್ಲ. ಮಡಿಯ ಮನೆ, ನಮ್ಮಂಥವರಿಗೆ ಹೊರಗಿನ ಕಟ್ಟೆಯೇ ಗತಿ, ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಚಾರ್ರು ಪಡಸಾಲೆಯಲ್ಲಿ ಪೋಥಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ನನ್ನ ಕಡೆಗಿತ್ತು, ನೋಟ ಇರಲಿಲ್ಲ. ನನ್ನ ದನಿ ಕೇಳಿ ಒಳಗೆ ಬಾ ಅಂದರು. ಮ್ಯಾಕ್ರೋ ತೆಗೆದದ್ದನ್ನು ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವರು ಅದರ ಮಾತೇ ಎತ್ತಲಿಲ್ಲ. ಅವರ ಚಿಂತೆ ಬೇರೆಯಾಗಿತ್ತು.

"ಎಲ್ಲಾ ಬಾಯಿಪಾಠ ಅದ ತಂಗಿ. ಆದರ ಎಲ್ಲಿ ಮೂಲ ಮುಗೀತದ, ಎಲ್ಲಿಂದ ನಮ್ಮ ಅಪ್ಪಂದು ಶುರು ಆಗ್ತದ, ಅದು ಮರ್ತು ಹೊಂಟದ. ಎರಡೂ ಕಲಸಿಕೊಂಡು ಒಂದ ಆಗ್ಲಿಕ್ಕೆ ಹತ್ಯಾವ."

ವ್ಯಾಖ್ಯಾನ ನಕಲಷ್ಟೇ ಅಲ್ಲ, ಅಲ್ಲಲ್ಲಿ ತಂದೆ ತಮ್ಮ ಮಾತನ್ನೂ ಸೇರಿಸಿದ್ದರೆಂದು ನನಗೆ ಆಗ ಗೊತ್ತಾಯಿತು. ಅಪ್ಪನ ದನಿ ಯಾವುದೆಂದು ತಿಳಿಯದೆ ಹೋಗುವುದು, ಅದೇ ಅವರಿಗೆ ಕಣ್ಣು ಹೋದದ್ದಕ್ಕಿಂತ ದೊಡ್ಡ ಸಂಕಟವಾಗಿತ್ತು. ಅಕ್ಕನಿಗೆ ಓದು ಬರುತ್ತಿರಲಿಲ್ಲ, ಅವರ ಕಣ್ಣಿಗೂ ಪೊರೆ ಬಂದಿತ್ತು. ಮಠದವರನ್ನು ಕರೆಸಿದರೆ ಅವರು ಅರ್ಥದ ಚರ್ಚೆಗಿಳಿಯುತ್ತಾರೆ, ಬಣ್ಣ ಹೇಳುವುದಿಲ್ಲ ಎಂದರು. ನೀನು ನೋಡಿ ಹೇಳುತ್ತೀಯಾ ಎಂದು ಕೇಳಿದರು. ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅಲ್ಲಿ ಅಕ್ಕ ನಿಂತಿದ್ದರು. ಒಳಗೆ ಹೋಗಿ ಒಂದು ಮಣೆ ತಂದು ತಮ್ಮನ ಪಕ್ಕದಲ್ಲಿ ಇಟ್ಟು ಹೋದರು.

ನಾನು ಪೋಥಿ ಮುಟ್ಟಲಿಲ್ಲ. ಪುಟ ಅವರೇ ತಿರುವಿದರು. ಅವರು ಹೇಳುತ್ತ ಹೋದರು, ನಾನು ಅಕ್ಷರದ ಜೊತೆ ಕಣ್ಣು ನಡೆಸುತ್ತ ಹೋದೆ. ಕನ್ನಡ ಲಿಪಿ, ಸಂಸ್ಕೃತದ ಮಾತು; ನನಗೆ ಒಂದರ ಅರ್ಥವೂ ಗೊತ್ತಿಲ್ಲ. ಬಣ್ಣ ಬದಲಾದ ಕಡೆ ಹೇಳುತ್ತಿದ್ದೆ. ಕೆಂಪು, ಅನ್ನುತ್ತಿದ್ದೆ. ಕಪ್ಪು, ಅನ್ನುತ್ತಿದ್ದೆ. ಅವರು ಕೆಂಪಿಗೆ ದನಿ ಏರಿಸುತ್ತಿದ್ದರು, ಕಪ್ಪಿಗೆ ಇಳಿಸುತ್ತಿದ್ದರು. ಹಾಗೆ ಎಷ್ಟೋ ಭಾನುವಾರಗಳು... ಮನೆಯಲ್ಲಿ ಒಗೆಯುವ ಬಟ್ಟೆ ರಾಶಿ ಬಿದ್ದಿರುತ್ತಿತ್ತು, ಅತ್ತೆ ಗೊಣಗುತ್ತಿದ್ದರು, ವಾರಕ್ಕೊಂದು ರಜೆ ಹಾಳು ಎಂದು ನನಗೇ ಅನ್ನಿಸುತ್ತಿತ್ತು. ಆದರೂ ಹೋಗುತ್ತಿದ್ದೆ.

ಹಳೆಯ ಪುಟಗಳಲ್ಲಿ ಕೆಂಪು ಮಾಸಿ ಕಂದಾಗಿತ್ತು. ಕಪ್ಪೂ ಮಾಸಿ ಕಂದಾಗಿತ್ತು. ಅಂಥ ಕಡೆ ನಾನು ಊಹೆ ಮಾಡುತ್ತಿರಲಿಲ್ಲ, ಗೊತ್ತಾಗವಲ್ದ್ರಿ ಆಚಾರ್ರೇ, ಎಂದುಬಿಡುತ್ತಿದ್ದೆ. ನಾನು ಕಂಡ ಆಚಾರ್ರು ಒಂದು ಚಿಹ್ನೆಯ ಒಳಗಿನ ಪದಕ್ಕೆ ತಪ್ಪು ಬಣ್ಣ ಬಂದರೂ ಸಹಿಸದವರು. ಈಗ ಹಾಗೆ ಹಟ ಹಿಡಿಯುತ್ತಿರಲಿಲ್ಲ.

"ಇದನ್ನ ನಮ್ಮ ಅಪ್ಪಂದು ಅಂತ ತಿಳಕೊಳ್ಳೋಣ," ಎಂದು ದನಿ ಇಳಿಸಿ ಹೇಳಿ ಮುಂದೆ ಹೋಗುತ್ತಿದ್ದರು.

ಅಕ್ಕ ತೀರಿಕೊಂಡ ಮೇಲೆ ದೂರದ ಸಂಬಂಧಿಕರು ಯಾರೋ ಬಂದು ಅವರನ್ನು ರಾಯಚೂರಿನ ಕಡೆಗೆ ಕರೆದುಕೊಂಡು ಹೋದರು. ಹೋಗುವ ದಿನ ನನಗೆ ತಿಳಿದಿರಲಿಲ್ಲ. ಭಾನುವಾರ ಹೋದಾಗ ಬಾಗಿಲಿಗೆ ಬೀಗವಿತ್ತು. ಅವರು ತೀರಿಕೊಂಡ ಸುದ್ದಿ ಬಂದದ್ದು ಬಹಳ ತಡವಾಗಿ, ಅದೂ ಮಿಲ್ಲಿಗೆ ಬಂದ ಯಾವುದೋ ಲಾರಿಯವರ ಬಾಯಿಂದ. ನನಗೆ ಅಳು ಬರಲಿಲ್ಲ. ಸುಸ್ತಾಯಿತು, ಬೆನ್ನಿಗೆ ಆಸರೆ ಬೇಕೆನಿಸಿತು.

ಈಗ ಮಿಲ್ಲೂ ಇಲ್ಲ, ಆ ಜಾಗದಲ್ಲಿ ಕಲ್ಯಾಣಮಂಟಪ ಎದ್ದಿದೆ. ಮಕ್ಕಳು ದೊಡ್ಡವರಾಗಿ ಅವರವರ ಸಂಸಾರದಲ್ಲಿದ್ದಾರೆ. ನನಗೆ ಬೇಕಾದಷ್ಟು ಬಿಡುವಿದೆ, ಭಾನುವಾರವೆಂದು ಬೇರೆ ಏನೂ ಇಲ್ಲ. ಗೊತ್ತಾಗದ ಆ ಸಾಲುಗಳಲ್ಲಿ ಎಷ್ಟು ನಿಜವಾಗಿ ಅವರ ತಂದೆಯವಾಗಿದ್ದವು ಎಂದು ಯೋಚಿಸುತ್ತೇನೆ. ಕೊನೆಕೊನೆಗೆ ಗೊತ್ತಾಗದವೇ ಹೆಚ್ಚಾಗಿದ್ದವು, ಅವನ್ನೆಲ್ಲ ಅವರು ಅಪ್ಪನಿಗೇ ಕೊಟ್ಟರು. ನನಗೆ ಅವರನ್ನು ನೋಡಬೇಕು ಅನ್ನಿಸುತ್ತದೆ. ಪಕ್ಕದಲ್ಲಿ ಕೂತು ಬಣ್ಣ ಹೇಳು ಎಂದು ಇನ್ನು ಯಾರೂ ನನ್ನನ್ನು ಕರೆಯುವುದಿಲ್ಲ.